ನಿಂತವರ ತಲೆ ಎಣಿಸಿ ಅನುದಾನ

ನಗರದ ಬಸ್ ಸಂಸ್ಥೆಗೆ ಸರ್ಕಾರ ಅನುದಾನ ಕೊಡುವುದು ಬಸ್ಸಲ್ಲಿ ಕೂತವರನ್ನು ನೋಡಿ ಅಲ್ಲ, ನಿಲ್ದಾಣದಲ್ಲಿ ನಿಂತವರನ್ನು ಎಣಿಸಿ. ಕಾಯುವವರು ಹೆಚ್ಚಿದಷ್ಟೂ ಅಗತ್ಯ ಹೆಚ್ಚು, ಅಗತ್ಯ ಹೆಚ್ಚಿದಷ್ಟೂ ಹಣ ಹೆಚ್ಚು. ಇದು ನಿಯಮ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಎಣಿಕೆ ಅಧಿಕಾರಿ ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ನಿಲ್ದಾಣಕ್ಕೆ ಬರುತ್ತಾರೆ. ಹೋದ ವರ್ಷ ಅವರು ಬರುವಷ್ಟರಲ್ಲಿ ಒಂದು ಬಸ್ಸು ಹೇಳಿದ ಹೊತ್ತಿಗೇ ಬಂದು ಎಲ್ಲರನ್ನೂ ಹೊತ್ತುಕೊಂಡು ಹೋಗಿಬಿಟ್ಟಿತ್ತು. ಉಳಿದದ್ದು ಒಂದು ನಾಯಿ. ಅದೂ ಕಾಯುತ್ತಿರಲಿಲ್ಲ, ಮಲಗಿತ್ತು. ‘ಸಮಯಕ್ಕೆ ಸರಿಯಾಗಿ ಬಂದು ಸಂಸ್ಥೆಗೆ ನಷ್ಟ ಉಂಟುಮಾಡಿದ’ ಚಾಲಕನಿಗೆ ನೋಟಿಸು ಹೋಯಿತು. ಹಿಂದೆಯೇ ಸುತ್ತೋಲೆ ಬಂತು: ‘ನಲವತ್ತು ಜನ ಸೇರಿ ಎಣಿಕೆ ಮುಗಿಯುವವರೆಗೆ ಯಾವುದೇ ಬಸ್ಸು ನಿಲ್ದಾಣದ ಕಡೆ ಸುಳಿಯತಕ್ಕದ್ದಲ್ಲ. ಸುಳಿಯಲೇಬೇಕಾದಲ್ಲಿ, ನಿಲ್ಲತಕ್ಕದ್ದಲ್ಲ.’

ಹಣ ಹೊಳೆಯಂತೆ ಹರಿಯಿತು. ಕಾಯುವವರ ಹೆಸರಲ್ಲಿ ಬಂದ ಹಣ ಕಾಯುವವರಿಗೇ ಖರ್ಚಾಗಬೇಕು, ಡೀಸೆಲ್ಲಿಗೆ ಮುಟ್ಟುವಂತಿಲ್ಲ. ಆದ್ದರಿಂದ ಬೆಂಚು ಬಂತು, ಫ್ಯಾನು ಬಂತು, ಟಿವಿ ಬಂತು. ಅವುಗಳ ಕರೆಂಟು ಬಿಲ್ಲು ಮಾತ್ರ ಅನುದಾನದ ಲೆಕ್ಕಕ್ಕೆ ಬರದು; ಅದನ್ನು ಕಟ್ಟಲು ಎರಡು ಬಸ್ಸು ಮಾರಿದರು. ಬೆಂಚಿನ ಗುತ್ತಿಗೆ ವ್ಯವಸ್ಥಾಪಕರ ಭಾವಮೈದುನನದು. ಪ್ರತಿ ಬೆಂಚಿಗೂ ಒಂದು ಕಾಲು ಗಿಡ್ಡ. ಮನೆಯವರನ್ನೇ ನಂಬದಿದ್ದರೆ ಇನ್ಯಾರನ್ನು ನಂಬುವುದು?

ಇಷ್ಟೆಲ್ಲ ಸೌಕರ್ಯವಿದ್ದೂ ಗೊಣಗಿದವಳು ನಮ್ಮ ಚಿಕ್ಕಮ್ಮ. ಅವಳು ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಗೆಯುವವಳು. ಇನ್ನೊಂದು ದಿನ ತಡವಾದರೆ ಬರಲೇಬೇಡ ಎಂದು ಅಲ್ಲಿಯ ಮೇಲ್ವಿಚಾರಕಿ ಹೇಳಿಬಿಟ್ಟಿದ್ದಳು. ಅದರ ಮುಂದಿನ ಸೋಮವಾರವೇ ಬಸ್ಸು ಬಾರದಾಗ ಚಿಕ್ಕಮ್ಮ ಪಕ್ಕದಲ್ಲೇ ಇದ್ದ ವ್ಯವಸ್ಥಾಪಕರ ಕೋಣೆಗೇ ನುಗ್ಗಿದಳು.

“ಸಾರ್, ಬಸ್ಸು ಬಿಡ್ರಿ. ನನ್ನ ಕೆಲ್ಸಾನೇ ಹೋಗುತ್ತೆ.”

“ಬಸ್ಸು ಬಿಟ್ರೆ ನೀವು ಹೋಗ್ಬಿಡ್ತೀರಲ್ಲಮ್ಮ,” ವ್ಯವಸ್ಥಾಪಕರು ನೊಂದುಕೊಂಡರು. “ಆಮೇಲೆ ನಮ್ಮ ಗತಿ?”

“ಮತ್ತೆ ಬಸ್ಸು ಇಟ್ಕೊಂಡಿರೋದ್ಯಾಕೆ, ಉಪ್ಪಿನಕಾಯಿ ಹಾಕೋಕಾ?”

“ಬಸ್ಸೇ ಇಲ್ದಿದ್ರೆ ಯಾರು ಕಾಯ್ತಾರೆ ತಾಯಿ? ಜನಕ್ಕೆ ಒಂದು ಆಸೆ ಅಂತ ಬೇಡ್ವಾ?”

ಚಿಕ್ಕಮ್ಮನ ಕೆಲಸ ಹೋಯಿತು. ಮನೆ ಬಾಡಿಗೆ ಬಾಕಿ ನಿಂತಿತು. ಅವಳೂ ಸೇರಿ ಕೆಲಸ ಕಳಕೊಂಡ ಮೂವತ್ತು ಜನ ನಿಲ್ದಾಣಕ್ಕೆ ಬರುವುದನ್ನೇ ಬಿಟ್ಟರು. ಕೆಲಸವಿಲ್ಲದವರು ಹೋಗುವುದಾದರೂ ಎಲ್ಲಿಗೆ? ಎಣಿಕೆ ಹತ್ತಕ್ಕೆ ಇಳಿದದ್ದೇ ಕಚೇರಿ ಬೆವರಿತು. ತುರ್ತು ಸಭೆ ಸೇರಿ, ‘ಖಾಯಂ ಕಾಯುವ ಸಿಬ್ಬಂದಿ’ ಎಂಬ ನಲವತ್ತು ಹುದ್ದೆಗಳನ್ನು ಮಂಜೂರು ಮಾಡಿದರು. ಅದಕ್ಕೆ ಹಣ ಬೇಕಲ್ಲ, ಇನ್ನಷ್ಟು ಬಸ್ಸು ಮಾರಿದರು.

ಸಂದರ್ಶನದಲ್ಲಿ ಚಿಕ್ಕಮ್ಮನಿಗೆ ಕೇಳಿದ್ದು ಒಂದೇ ಪ್ರಶ್ನೆ.

“ಅನುಭವ?”

“ಒಂಬತ್ತು ವರ್ಷ, ಇದೇ ನಿಲ್ದಾಣ.”

ಕೆಲಸ ಸಿಕ್ಕಿತು. ಆಸ್ಪತ್ರೆಗಿಂತ ಸಂಬಳ ಜಾಸ್ತಿ. ಐದು ನಿಮಿಷಕ್ಕೊಮ್ಮೆ ಕತ್ತು ಚಾಚಿ ರಸ್ತೆ ನೋಡಬೇಕು, ಗಂಟೆಗೊಮ್ಮೆ ನಿಟ್ಟುಸಿರು ಬಿಡಬೇಕು, ಅಷ್ಟೇ. ಮೂರು ತಿಂಗಳಿಗೆ ಬಾಕಿ ಬಾಡಿಗೆ ತೀರಿತು.

ಮೊನ್ನೆ ಸೋಮವಾರ, ಎಂಟಕ್ಕೆ ಐದು ನಿಮಿಷವಿದ್ದಾಗ, ನಿಯಮ ತಿಳಿಯದ ಹೊಸ ಚಾಲಕನೊಬ್ಬ ಖಾಲಿ ಬಸ್ಸು ತಂದು ನಿಲ್ಲಿಸಿ ಬಾಗಿಲು ತೆರೆದ.

“ಅಕ್ಕಾ, ಆಸ್ಪತ್ರೆ ಕಡೆ! ಬನ್ನಿ, ಸೀಟಿದೆ!”

“ನಿನಗೇನು ತಲೆ ಕೆಟ್ಟಿದೆಯಾ?” ಚಿಕ್ಕಮ್ಮ ರೇಗಿದಳು. “ಹೊಟ್ಟೆ ಮೇಲೆ ಹೊಡಿಬೇಡ ಕಣಪ್ಪಾ, ಎಣಿಸೋರು ಬರೋ ಹೊತ್ತು. ನಡಿ ನಡಿ!”

ಉಳಿದ ಮೂವತ್ತೊಂಬತ್ತು ಜನರೂ ಎದ್ದು ಬಂದು, ಒಂದು ಕೈ ಹಾಕಿ, ಬಸ್ಸನ್ನು ತಿರುವಿನಾಚೆಗೆ ತಳ್ಳಿ ಬಂದರು.