ಹತ್ತಾಬನ ಕನ್ನಡಕ

ಹತ್ತಾಬನಿಗೆ ಕನ್ನಡಕವೇ ಇರಲಿಲ್ಲ. ಆದರೂ ಇಪ್ಪತ್ತೆರಡು ವರ್ಷಗಳಿಂದ ಅದನ್ನು ದಿನವೂ ಮನೆಯಲ್ಲಿ ಮರೆತು ಬರುತ್ತಿದ್ದ.

ಸ್ಫಾಕ್ಸ್ ಊರಿನ ಹಳೇ ಕೋಟೆಯೊಳಗೆ ಅವನದೊಂದು ಲಬ್ಲಾಬಿ ಅಂಗಡಿ. ಒಣಗಿದ ಬ್ರೆಡ್ಡು ಮುರಿದು, ಮೇಲೆ ಬಿಸಿ ಕಡಲೆ ಸಾರು ಹುಯ್ದು, ಜೀರಿಗೆ ಪುಡಿ ಉದುರಿಸಿ ಕೊಡುವುದರಲ್ಲಿ ಅವನಿಗೆ ಸರಿಸಾಟಿ ಇಲ್ಲ. ಬೀದಿಯವರೆಲ್ಲ ಮರ್ಯಾದೆಯಿಂದ 'ಸೀ ಹತ್ತಾಬ್' ಅನ್ನುತ್ತಿದ್ದರು. ಅಕ್ಷರಗಳು ಮಾತ್ರ ಅವನು ನೋಡಿದ ಕೂಡಲೇ ನೀರು ಬಿದ್ದ ಇರುವೆ ಸಾಲಿನಂತೆ ದಿಕ್ಕಾಪಾಲಾಗುತ್ತಿದ್ದವು. ಒಂಬತ್ತನೇ ವಯಸ್ಸಿಗೆ ಶಾಲೆಯ ಗೋಡೆ ಹಾರಿದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಈ ಗುಟ್ಟು ಹೆಂಡತಿ ನಾಜಿಯಾಗೂ ಗೊತ್ತಿಲ್ಲ. ಯಾರಾದರೂ ಕಾಗದ ಚಾಚಿದರೆ ಜೇಬು ತಡವಿಕೊಂಡು, "ಅಯ್ಯೋ, ಕನ್ನಡಕ ಮನೇಲೇ ಬಿಟ್ಟೆ" ಎಂದುಬಿಡುತ್ತಿದ್ದ.

ನಾಜಿಯಾ ತಂಗಿಯ ಬಾಣಂತನಕ್ಕೆಂದು ಗಾಬೆಸ್‌ಗೆ ಹೋಗಿದ್ದಳು. ಮನೆ ನೋಡಿಕೊಳ್ಳಲು, ಅಂದರೆ ಹತ್ತಾಬನನ್ನು ಕಾಯಲು, ನಾಜಿಯಾಳ ತಾಯಿ, ಅವನ ಅತ್ತೆ ಲಲ್ಲಾ ಫಾಫಾ ಬಂದು ಕೂತಿದ್ದಳು. ಇನ್ನು ನಾಲ್ಕೇ ದಿನ, ಆಮೇಲೆ ಈಕೆ ಹೊರಡುತ್ತಾಳೆ ಎಂಬ ಒಂದೇ ಆಸೆಯಲ್ಲಿ ಅವನು ಉಸಿರಾಡುತ್ತಿದ್ದ. ಅಂಥ ಒಂದು ಮಧ್ಯಾಹ್ನ ಮಗಳು ದೊರ್ರಾ ಅಂಗಡಿಗೆ ಓಡಿಬಂದು ಕಾಗದವೊಂದನ್ನು ಚಾಚಿದಳು.

"ಅಪ್ಪಾ, ಟೀಚರ್ ಕೊಟ್ರು. ನೀನೇ ಓದಿ, ನಾಲ್ಕು ಗಂಟೆಯೊಳಗೆ ಬಂದು ಉತ್ತರ ಹೇಳ್ಬೇಕಂತೆ. ಇಲ್ಲಾಂದ್ರೆ ಮುಂದಿನ ವರ್ಷಾನೂ ನಾನು ಮೂರನೇ ಕ್ಲಾಸೇ."

ಆಗಲೇ ಎರಡು ವರ್ಷದಿಂದ ಅವಳು ಅಲ್ಲೇ ಕೂತಿದ್ದಳು. ಕ್ಲಾಸಿನ ಮಕ್ಕಳು ಅಕ್ಕ ಅನ್ನುತ್ತಿದ್ದರು. ಇನ್ನೊಂದು ವರ್ಷ ಕೂತರೆ ಚಿಕ್ಕಮ್ಮ ಅನ್ನುವುದೇ ಸೈ.

ಹತ್ತಾಬ ಪಕ್ಕದ ದರ್ಜಿ ಶಾದ್ಲಿಯ ಬಳಿ ಹೋಗಿ, "ಸ್ವಲ್ಪ ಓದ್ತೀಯಾ? ಕನ್ನಡಕ ಮನೇಲೇ..." ಎನ್ನುವಷ್ಟರಲ್ಲಿ ಶಾದ್ಲಿ ತನ್ನದನ್ನೇ ತೆಗೆದು ಅವನ ಮೂಗಿಗೆ ಏರಿಸಿದ.

"ಅದಕ್ಯಾಕೆ ಸಂಕೋಚ, ಸೀ ಹತ್ತಾಬ್! ಇದು ಹಾಕ್ಕೋ, ಗೋಡೆ ಒಳಗಿನ ಇಟ್ಟಿಗೇನೂ ಕಾಣುತ್ತೆ."

ಬೀದಿ ಗಿರ್ರೆಂದು ತಿರುಗಿತು. ಎದುರಿಗಿದ್ದ ಕತ್ತೆಗೆ ಆರು ಕಿವಿ ಕಂಡವು. "ನನಗೆ ಹೊಂದಲ್ಲ ಕಣೋ" ಎಂದದ್ದೇ ತಪ್ಪಾಯಿತು. ಕ್ಷೌರದ ಬೂಬಕ್ಕರ್ ತನ್ನದನ್ನು ತಂದ. ಮೀನು ಕೊಳ್ಳಲು ಬಂದವರೂ ನಿಂತು ಚೀಲ ತಡಕಾಡಿದರು. ಕಡಲೆ ಪಾತ್ರೆಯ ಪಕ್ಕ ಏಳು ಕನ್ನಡಕ ಸಾಲಾಗಿ ಕೂತವು. ಇಡೀ ಬೀದಿ ಕುರುಡಾಗಿ ನಿಂತು, "ಹ್ಞೂಂ, ಓದು" ಎಂದಿತು.

ಅಷ್ಟರಲ್ಲಿ ಗದ್ದಲ ಕೇಳಿ ಲಲ್ಲಾ ಫಾಫಾ ಬಂದಳು. ಕಾಗದ ಕಿತ್ತುಕೊಂಡು, ಮಾರುದೂರ ಹಿಡಿದು, ರೇಡಿಯೋ ವಾರ್ತೆಯವರ ಹಾಗೆ ಗಂಟಲು ಸರಿಮಾಡಿಕೊಂಡಳು.

"'ಮಾನ್ಯರೇ, ನಿಮ್ಮ ಮಗಳಿಗೆ ಓದು ಹತ್ತುತ್ತಿಲ್ಲ. ಇದು ರಕ್ತದಲ್ಲಿ ಬರುವ ದೋಷ. ತಂದೆಯ ಕಡೆಯಿಂದ ಬರುತ್ತದೆ.'"

"ತಂದೆ ಕಡೆಯಿಂದ ಅಂತಾನೇ ಇದೆಯಾ?" ಹತ್ತಾಬ ಕಾಗದದತ್ತ ಬಗ್ಗಿದ.

"ದಪ್ಪ ಅಕ್ಷರದಲ್ಲಿ! 'ತಾಯಿ ಕಡೆಯ ರಕ್ತ ಬಹಳ ಶುದ್ಧ' ಅಂತಾನೂ ಇದೆ. 'ತಂದೆ ಒಪ್ಪಿಕೊಂಡರೆ ಮಾತ್ರ ಮಗು ಪಾಸು.'" ಓದಿ ಮುಗಿಸಿ ಕಾಗದವನ್ನು ಮಡಚಿ ಎದೆಗೆ ಸಿಕ್ಕಿಸಿಕೊಂಡಳು. "ಮನೆ ಮಾನದ ವಿಷಯ. ಬೇರೆಯವರು ಮುಟ್ಟಬಾರದು."

"ರಕ್ತಾನೂ ಇಲ್ಲ, ಎಂಥದೂ ಇಲ್ಲ" ಎಂದ ಶಾದ್ಲಿ. "ಬೆಳೆಯೋ ಜಾಗ ಮುಖ್ಯ. ಮಗು ಬೆಳಗಿಂದ ಕಡಲೆ ಹಬೇಲಿ ಕೂತಿರುತ್ತೆ, ಮಿದುಳು ಮೆತ್ತಗಾಗದೆ ಏನಾಗುತ್ತೆ?"

"ನಿನ್ನ ಮಗ ನಿನ್ನ ಅಂಗಡೀಲೇ ಬೆಳೆದನಲ್ಲ, ಒಂದು ಗುಂಡಿ ಹೊಲಿಯೋಕೆ ಬರುತ್ತಾ?" ಬೂಬಕ್ಕರ್ ಕೆಣಕಿದ.

"ಅದು ಅವನಮ್ಮನ ರಕ್ತ!"

ಲಲ್ಲಾ ಫಾಫಾ ಪೆನ್ನು ಚಾಚಿದಳು. "ಅಳಿಯಾ, ತಪ್ಪೆಲ್ಲ ನನ್ನ ರಕ್ತದ್ದೇ ಅಂತ ಒಂದು ಚೀಟಿ ಬರಿ."

ಬರೆಯುವುದೇ? ಹತ್ತಾಬ ಪೆನ್ನು ನೋಡಿದ, ಬೀದಿ ನೋಡಿದ, ಕಣ್ಣು ಮುಚ್ಚಿ ಬಲಗೈಯನ್ನು ಕುದಿಯುವ ಕಡಲೆ ಪಾತ್ರೆಗೆ ಅದ್ದಿದ. ಅವನು ಕಿರುಚಿದ್ದು ಬಂದರಿನವರೆಗೂ ಕೇಳಿಸಿತಂತೆ.

"ಕೈ ಹೋದ್ರೆ ಹೋಯ್ತು, ಬಾಯಿ ಇದೆಯಲ್ಲ" ಎಂದಳು ಅತ್ತೆ. ಬಟ್ಟೆ ಸುತ್ತಿದ ಕೈ ಎತ್ತಿಕೊಂಡು ಅವನು ಮುಂದೆ, ಮಗಳು ಪಕ್ಕದಲ್ಲಿ, ಅರ್ಧ ಬೀದಿ ಹಿಂದೆ. ಮೆರವಣಿಗೆ ಶಾಲೆ ತಲುಪಿದಾಗ ನಾಲ್ಕಕ್ಕೆ ಐದು ನಿಮಿಷ.

ಟೀಚರ್ ರಫೀಕಾ ತಲೆಯೆತ್ತಿದಳು. "ಏನು ಉತ್ತರ, ಸೀ ಹತ್ತಾಬ್?"

ದೊರ್ರಾ ಅಪ್ಪನ ಅಂಗಿಯ ತುದಿ ಹಿಡಿದಿದ್ದಳು. ಹತ್ತಾಬ ಒಮ್ಮೆ ಅವಳ ಕಡೆ ನೋಡಿದ.

"ಒಪ್ಕೊಂಡೆ ಟೀಚರ್. ಕಾಗದದಲ್ಲಿರೋ ಹಾಗೆ ನನ್ನ ರಕ್ತದಿಂದಲೇ ಬಂದದ್ದು. ನನಗೆ ಓದೋಕೆ ಬರಲ್ಲ. ಅಕ್ಷರ ನೋಡಿದ್ರೆ ಓಡಾಡ್ತವೆ. ಕನ್ನಡಕಾನೂ ಇಲ್ಲ, ಎಂಥದೂ ಇಲ್ಲ. ಇವಳನ್ನ ಮುಂದಕ್ಕೆ ಕಳಿಸಿ."

ಹಿಂದೆ ನಿಂತ ಬೀದಿ ಒಟ್ಟಿಗೇ ಉಸಿರು ಎಳೆದುಕೊಂಡಿತು. ಟೀಚರ್ ಗಲಿಬಿಲಿಗೊಂಡಳು.

"ನಾನು ಅದನ್ನ ಕೇಳಿರಲೇ ಇಲ್ಲವಲ್ಲ. ಎಲ್ಲಿ ಆ ಕಾಗದ?"

ಲಲ್ಲಾ ಫಾಫಾ ಕೊಡಲು ಹಿಂದೆಮುಂದೆ ನೋಡಿದಳು. ಟೀಚರ್ ಅದನ್ನು ಎಳೆದುಕೊಂಡು ಜೋರಾಗಿ ಓದಿದಳು: "'ಓದು ಅಂದಾಗಲೆಲ್ಲ ದೊರ್ರಾ ಕನ್ನಡಕ ಮನೆಯಲ್ಲೇ ಮರೆತೆ ಎನ್ನುತ್ತಾಳೆ. ಅವಳಿಗೆ ಕನ್ನಡಕ ಇದೆಯೇ, ಬಂದು ತಿಳಿಸಿ. ಓದಿಸಿ ನೋಡದೆ ಮುಂದಿನ ಕ್ಲಾಸಿಗೆ ಕಳಿಸಲಾರೆ.' ಇಷ್ಟೇ ಇರೋದು. ರಕ್ತ ಗಿಕ್ತ ಅಂತ ಓದಿದವರು ಯಾರು?"

ಎಲ್ಲರೂ ತಿರುಗಿ ಲಲ್ಲಾ ಫಾಫಾಳನ್ನು ನೋಡಿದರು. ಅವಳು ನಿಧಾನವಾಗಿ ಎದೆ ತಡವಿದಳು, ಸೊಂಟ ತಡವಿದಳು.

"ಕನ್ನಡಕ... ಮನೇಲೇ ಬಿಟ್ಟು ಬಂದಿದ್ದೆ."

ಟೀಚರ್ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದಳು. "ಸರಿ. ಓದು ಹತ್ತದೇ ಇರೋದು ಎರಡೂ ಕಡೆಯ ರಕ್ತದಲ್ಲಿ ಬಂದಿರಬಹುದು. ಈ ಕನ್ನಡಕ ಮಾತ್ರ ಮನೇಲಿ ಕಲಿತದ್ದೇ. ದೊರ್ರಾ ಮುಂದಿನ ಕ್ಲಾಸಿಗೆ ಹೋಗಲಿ. ಆದರೆ ದಿನಾ ನಾಲ್ಕು ಗಂಟೆಗೆ ವಿಶೇಷ ಪಾಠ. ಮನೇಲಿ ಓದು ಬಾರದವರೆಲ್ಲ ಜೊತೆಗೆ ಬಂದು ಕೂರಬೇಕು. ಎರಡು ವರ್ಷ."

ನಾಜಿಯಾ ಗಾಬೆಸ್‌ನಿಂದ ಬಂದಳು. ಲಲ್ಲಾ ಫಾಫಾ ಮಾತ್ರ ಹೋಗಲಿಲ್ಲ. ಪಾಠ ಇದೆಯಲ್ಲ! ಸಣ್ಣ ಬೆಂಚಿನ ಮೇಲೆ ಆ ತುದಿಗೆ ದೊರ್ರಾ, ಈ ತುದಿಗೆ ಮಂಡಿ ಮೂಗಿಗೆ ತಗಲುವಂತೆ ಹತ್ತಾಬ, ನಡುವೆ ಅತ್ತೆ. ಮೊದಲ ದಿನ ಟೀಚರ್ ಹಲಗೆಯ ಬಳಿ ಕರೆದಾಗ ಲಲ್ಲಾ ಫಾಫಾ ಮೊಣಕೈಯಿಂದ ಅಳಿಯನನ್ನು ತಿವಿದಳು.

"ಮೊದಲು ಇವನು ಓದಲಿ ಟೀಚರ್. ನನಗೆ ಇದು ರಕ್ತದಿಂದ ಬಂದದ್ದಲ್ಲ. ಇವನ ಸಹವಾಸದಿಂದ ಬಂದದ್ದು."