ಗುಂಡಿ ಒತ್ತಿ ಓದುವ ಪುಸ್ತಕ

ಮಾತು ಕಡಿಮೆ ಇರುವವನು ಸುಳ್ಳು ಹೇಳಿದರೆ ಜನ ತಕ್ಷಣ ನಂಬಿಬಿಡುತ್ತಾರೆ. ನನ್ನ ಫಜೀತಿಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಪಾರ್ಸಲ್

ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ಕನ್ಸೋಲ್ ತರಿಸಿದ್ದೆ. ನನಗೆ ಐವತ್ತಮೂರು, ಆಸೆಗೆ ಹನ್ನೆರಡು. ಹೋದ ತಿಂಗಳಷ್ಟೇ ನಮ್ಮ ಮಲಾಡಿನ ಹೌಸಿಂಗ್ ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತು, "ಮಕ್ಕಳ ಕೈಗೆ ಗೇಮ್ ಕೊಡಬೇಡಿ, ಪುಸ್ತಕ ಕೊಡಿ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಮುಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಈಗ ಪೆಟ್ಟಿಗೆ ಅವಳ ಕೈಗೇ ಸಿಕ್ಕಿತು.

"ಇದೇನ್ರೀ?"

"ಪುಸ್ತಕ. ಹೊಸ ಥರದ್ದು."

"ಹಾಳಿ ಎಲ್ಲವ?"

"ಒಳಗಿವೆ."

"ಮತ್ತ ಈ ಗುಂಡಿ?"

"ಹಾಳೆ ತಿರುವಲು."

ಅವಳು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಛಲೋ ಆತು. ಇನ್ನೊಂದು ಕಪಾಟು ಬ್ಯಾಡ."

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ತಂದ ಪುಸ್ತಕವೊಂದನ್ನು ಅವಳು ಹೊಗಳಿದ್ದು ಅದೇ ಮೊದಲು.

ಪೂಜೆ

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಧಾರವಾಡದಿಂದ ಅತ್ತೆ ಬಂದಿದ್ದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕನ್ಸೋಲ್ ದೇವರ ಮುಂದಿತ್ತು. ಪರದೆಯ ಮೇಲೆ ದಾಸವಾಳ. ಗುಂಡಿಗಳಿಗೆಲ್ಲ ಅರಿಸಿನ, ಕುಂಕುಮ.

"ಹೊಸಾ ಪುಸ್ತಕ ಪೂಜಾ ಮಾಡದ ಓದಬಾರದ್ರಿ ಅಳಿಯಾರ," ಅಂದರು.

ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕಡ್ಡಿಯ ಬುಡಕ್ಕೆ ಕುಂಕುಮ ಇಳಿದಿತ್ತು. ಅಂದಿನಿಂದ ಆಟದೊಳಗಿನ ನನ್ನ ವೀರ ಮುಂದಕ್ಕೆ ಹೆಜ್ಜೆಯಿಡುವುದನ್ನೇ ಬಿಟ್ಟ. ಕಾಡಿನಲ್ಲಿ ಬಿಡಲಿ, ಕೋಟೆಯಲ್ಲಿ ಬಿಡಲಿ, ನಿಂತಲ್ಲೇ ಪ್ರದಕ್ಷಿಣೆ ಹಾಕುತ್ತಿದ್ದ.

ಪೂಜೆ ಇಷ್ಟು ಬೇಗ ಫಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಲ್ಕನೇ ಸೀಟು

ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂರುವುದು ಇಲ್ಲಿನ ಲೋಕಲ್ ಟ್ರೇನಿನ ಪದ್ಧತಿ. ಹಾಗೆ ಕೂತು, ಆಫೀಸಿಗೆ ಹೋಗುತ್ತಾ ಕನ್ಸೋಲನ್ನು ಹೊರತೆಗೆದೆ. ಪಕ್ಕದಲ್ಲಿ ಟೈ ಕಟ್ಟಿದ ಗಂಭೀರ ವ್ಯಕ್ತಿ. ವೀರ ಗಿರಗಿರ ಸುತ್ತುವುದನ್ನು ಸ್ವಲ್ಪ ಹೊತ್ತು ನೋಡಿ, ಯಾಕೆ ಹೀಗೆ ಎಂದು ಕೇಳಿದ: "ಭಾಯ್‌ಸಾಬ್, ಯೇ ಗೋಲ್ ಗೋಲ್ ಕ್ಯೂಂ ಘೂಮ್ ರಹಾ ಹೈ?"

"ಪೂಜಾ ಹುವಾ," ಅಂದೆ.

ಅವನಿಗೆ ಅಷ್ಟೇ ಸಾಕಾಯಿತು. ಕರವಸ್ತ್ರದ ತುದಿ ಹೊಸೆದು, ಕಡ್ಡಿಯ ಬುಡಕ್ಕೆ ತೂರಿಸಿ ಕುಂಕುಮವೆಲ್ಲ ತೆಗೆದ. ಆಮೇಲೆ "ಟೆಸ್ಟಿಂಗ್" ಎಂದು ಶುರು ಮಾಡಿದವನು ವಾಪಸ್ ಕೊಡಲೇ ಇಲ್ಲ. ನಾನು ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಇಬ್ಬರೂ ಇಳಿಯಬೇಕಿದ್ದದ್ದು ಅಂಧೇರಿಯಲ್ಲಿ. ತಲೆ ಎತ್ತಿದಾಗ, ಎಷ್ಟೋ ಸ್ಟೇಷನ್ ಆಚೆ, ದಾದರ್.

ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಎಡಗೈಯಿಂದ ವೀರನನ್ನು ಪೊದೆಯ ಮರೆಗೆ ನಿಲ್ಲಿಸಿ, ತಗ್ಗಿದ ದನಿಯಲ್ಲಿ ಹೇಳಿದ: "ಸರ್, ಮೀಟಿಂಗ್ ಮೇ ಹೂಂ."

ಪುರಾಣ

ಅತ್ತೆಯ ಆಪರೇಷನ್ ಆಯಿತು. ಸಣ್ಣಕ್ಷರ ಓದಬೇಡಿ ಎಂದರು ಡಾಕ್ಟರ್.

"ರೀ, ಅವ್ವಗ ಹೊತ್ತು ಹೋಗವಲ್ದು. ನಿಮ್ಮ ಹೊಸಾ ಪುಸ್ತಕ ಓದಿ ಹೇಳ್ರಿ," ಅಂದಳು ಹೆಂಡತಿ.

ತಪ್ಪಿಸಿಕೊಳ್ಳುವಂತಿರಲಿಲ್ಲ. ಸದ್ದು ಪೂರಾ ಅಡಗಿಸಿ, ಗಾಜಿನ ಶೋಕೇಸಿಗೆ ಬೆನ್ನು ಕೊಟ್ಟು, ಅತ್ತೆಯ ಎದುರು ಕೂತೆ. ಕೈ ಆಡುತ್ತಿತ್ತು, ಬಾಯಿ ಓದುತ್ತಿತ್ತು. "ವೀರನು ಘೋರಾರಣ್ಯವನ್ನು ಹೊಕ್ಕನು..."

ಅತ್ತೆ ಕೈಮುಗಿದು ಕೇಳುತ್ತಿದ್ದರು.

"ಓದೂದಕ್ಕ ಯಾಕ್ರಿ ಇಷ್ಟು ಬೆವರತೀರಿ?"

"ಯುದ್ಧದ ಭಾಗ."

ಮೂರನೆಯ ಸಂಜೆ ಸೇತುವೆಯ ಬಳಿ ದೊಡ್ಡ ರಾಕ್ಷಸ ಎದುರಾದ. "ವೀರನು ಮಡಿದನು," ಎಂದೆ.

"ಅಯ್ಯ ಪಾಪ! ಮುಂದ?"

"ಪುನರ್ಜನ್ಮ." ಮತ್ತೆ ಹೋದೆ, ಮತ್ತೆ ಮತ್ತೆ ಹೋದೆ. "ಮಡಿದನು."

"ಇದು ಎಷ್ಟನೇ ಜನ್ಮರಿ?"

"ಒಂಬತ್ತನೆಯದು."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. "ಅದ್ಯಾವ ಪುರಾಣಾರೀ ಅದು?" ಎನ್ನುತ್ತಾ ಹೆಂಡತಿ ಹೊರಬರುವ ಸೂಚನೆ.

ಅತ್ತೆ ಮುಂದಕ್ಕೆ ಬಾಗಿ ಪಿಸುಗುಟ್ಟಿದರು. "ನಿಮ್ಮ ಹಿಂದಿನ ಗಾಜಿನ್ಯಾಗ ಮೂರು ದಿನದಿಂದ ನೋಡಾಕತ್ತೀನಿ. ಆ ರಾಕ್ಷಸ ಗದಾ ಎತ್ತಿದಾಗ ಓಡಬೇಕ್ರಿ. ನೀವು ಮುಂದ ಹೋಗಿ ನಿಂತು ಸಾಯ್ತೀರಿ!"

ಆಮೇಲೆ ಕೈಚಾಚಿ, ಮಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಕೊಡ್ರಿ ಇಲ್ಲೆ ಪುಸ್ತಕ. ಈ ಅಧ್ಯಾಯ ನಾ ಓದ್ತೀನಿ."