ಹಲಗೆಯಡಿಯ ನೀರು

ಚಿಕ್ಕಂದಿನಲ್ಲಿ ಮನೆಗೆ ನೀರು ನುಗ್ಗಿದಾಗ ಮಂಚದಡಿಯಿಂದ ಎದ್ದ ನೆಂದ ಮರದ ವಾಸನೆಯನ್ನು ದರ್ಜಿ ಮರೆತಿರಲಿಲ್ಲ. ಇಂದು ಬೆಳಿಗ್ಗೆ, ದಡವೇ ಕಾಣದ ಸಮುದ್ರದ ನಡುವೆ, ಹಾಯಿದೋಣಿಯ ಕೋಣೆಯಲ್ಲಿ ಅದೇ ವಾಸನೆ ಮೂಗಿಗೆ ಬಡಿಯಿತು. ನೆಲದ ಹಲಗೆ ಎತ್ತಿದ. ಕೆಳಗೆ ನೀರು ಕಪ್ಪಗೆ ತುಳುಕುತ್ತಿತ್ತು.

ರೆಡಿಮೇಡ್ ಅಂಗಡಿಗಳು ಬಂದು ಅವನ ಹೊಲಿಗೆಯಂತ್ರ ಮೂಲೆ ಸೇರಿದ ಮೇಲೆ, ಹಾಯಿ ಹೊಲಿಯಲೆಂದು ಅವನನ್ನು ಕರೆತಂದವಳು ಅಕ್ಕ. ದೋಣಿ ಭಾವನದು. ನಿನ್ನೆ ದರ್ಜಿ ಹಾಕಿದ ತೇಪೆ ಗಾಳಿಗೆ ಕಿತ್ತು ಹಾರಿತ್ತು. "ಮುಂದಿನ ಬಂದರಲ್ಲಿ ಇಳ್ಕೊಂಡ್ಬಿಡಪ್ಪ" ಎಂದಿದ್ದ ಭಾವ. ಇಳಿದು ಹೋಗುವುದಾದರೂ ಎಲ್ಲಿಗೆ?

"ಭಾವಾ, ದೋಣಿ ಒಡೆದಿದೆ!"

ಭಾವನ ಮುಖ ಸುಣ್ಣವಾಯಿತು. ನೀರೆತ್ತುವ ಪಂಪು ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ದರ್ಜಿಗೆ ಎಲ್ಲಿಲ್ಲದ ಹುರುಪು ಬಂತು. ಅವನು ಮೊಗೆದ, ಮೆಟ್ಟಿಲಲ್ಲಿ ಅಕ್ಕ ಬಕೆಟ್ ಈಸಿಕೊಂಡಳು, ಮೇಲೆ ಭಾವ ಚೆಲ್ಲಿದ. ಮಂಡಿನೋವಿನ ಅತ್ತೆ, ಅಂದರೆ ಭಾವನ ತಾಯಿ, ಒಲೆಯ ಪಕ್ಕ ಕೂತು ಮೇಲ್ವಿಚಾರಣೆ ನಡೆಸಿದರು.

"ಬಗ್ಗಿ ಮೊಗಿಯೋ! ಹೂಗಿಡಕ್ಕೆ ನೀರು ಹಾಕೋ ಹಾಗೆ ಮಾಡ್ತೀಯಲ್ಲ!"

"ಸ್ವಲ್ಪ ಕಾಲೆತ್ತಿ ಅತ್ತೆ, ಅಲ್ಲೂ ಇದೆ."

"ಕಾಲೆತ್ತೋಕೆ ಆಗಿದ್ರೆ ನಿನ್ ಕೈಗ್ಯಾಕೆ ಬಕೆಟ್ ಕೊಡ್ತಿದ್ದೆ?"

ಒಂದು ಗುಟುಕು ಕುಡಿಯಲೂ ಯಾರೂ ನಿಲ್ಲಲಿಲ್ಲ. ಮಧ್ಯಾಹ್ನಕ್ಕೆ ಹಲಗೆಯಡಿ ಬರಿದಾಯಿತು. ಭಾವ ಕೆಳಗಿಳಿದು ದರ್ಜಿಯ ಬೆನ್ನು ತಟ್ಟಿದ.

"ನೀನಿಲ್ದಿದ್ರೆ ಮುಳುಗ್ತಿದ್ವಿ ಕಣೋ. ಇಳಿಯೋ ಮಾತು ಬಿಡು. ಇವಳೇ, ಅವನಿಗೊಂದು ಲೋಟ ನೀರು ಕೊಡೇ."

ಅಕ್ಕ ನಲ್ಲಿ ತಿರುಗಿಸಿದಳು. ನಲ್ಲಿ ಬಿಕ್ಕಳಿಸಿತು, ಅಷ್ಟೇ.

ಭಾವ ನಲ್ಲಿಗೆ ನೀರು ಬರುವ ತೊಟ್ಟಿಯ ಹಿಂದಕ್ಕೆ ಕೈ ಹಾಕಿದ. ಕಳಚಿಕೊಂಡ ಕೊಳವೆ ಕೈಗೆ ಬಂತು. ಬಕೆಟ್ಟಿನ ತಳಕ್ಕೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದ. ಉಪ್ಪಿರಲಿಲ್ಲ.

ದೋಣಿಗೆ ತೂತೇ ಬಿದ್ದಿರಲಿಲ್ಲ. ಕುಡಿಯುವ ನೀರೆಲ್ಲ ಸೋರಿ ಹಲಗೆಯಡಿ ನಿಂತಿತ್ತು. ನಾಲ್ವರೂ ಒಗ್ಗಟ್ಟಾಗಿ ಅದನ್ನು ಸಮುದ್ರಕ್ಕೆ ಸುರಿದಿದ್ದರು.

"ಪಾಪ, ಸಮುದ್ರಕ್ಕೆ ಬಾಯಾರಿತ್ತೇನೋ" ಎಂದರು ಅತ್ತೆ.

"ಮುಂದಿನ ಬಂದರಲ್ಲಿ ನೀನು ಇಳೀತೀಯ" ಎಂದ ಭಾವ. ಕೈಲಿದ್ದ ಕೊಳವೆ ನೋಡಿ ಸೇರಿಸಿದ, "ಮುಟ್ಟಿದ್ರೆ."

ದರ್ಜಿ ಮೂಲೆ ಹಿಡಿದು ಕೂತ. ಮೋಡ ಕಟ್ಟಿತ್ತು, ಸುರಿಯುವ ಮನಸ್ಸು ಮಾತ್ರ ಅದಕ್ಕಿರಲಿಲ್ಲ. ಅತ್ತೆ ಹಣ್ಣಿನ ಡಬ್ಬಿಯೊಂದನ್ನು ತೆರೆದು ನಾಲ್ಕು ಬಟ್ಟಲಿಗೆ ಹಂಚಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಎದ್ದು, ತಮ್ಮ ಬಟ್ಟಲಿನ ರಸವನ್ನು ಅವನದಕ್ಕೆ ಬಗ್ಗಿಸಿ, ಮೇಲೊಂದು ಒಣ ಬ್ರೆಡ್ಡಿನ ತುಂಡಿಟ್ಟು, ಅವನ ಕೈಗಿತ್ತರು.